ಚಿಕ್ಕ ಡೆಸ್ಕ್‌ಟಾಪ್ ಹೆಡ್‌ಫೋನ್ ಆಂಪ್: ಮನೇಲಿ ಕೇಳೋಕೆ ನಿಜವಾಗ್ಲೂ ಬೇಕಾ? ಬಂದ ಮೇಲೆ ಪರೀಕ್ಷೆ ಹೇಗೆ?

ರಾತ್ರಿರಾಗ (ಮೈಸೂರು)

ನಮಸ್ಕಾರ ಎಲ್ರಿಗೂ. ನನ್ನ ಹತ್ರ ಇರೋದು ಸೆನ್‌ಹೈಸರ್ ಎಚ್‌ಡಿ 650, ಹೈಫೈಮ್ಯಾನ್ ಎಚ್‌ಇ400ಎಸ್‌ಇ, ಮತ್ತೆ ಬಸ್ಸಲ್ಲಿ ಹೋಗುವಾಗ ಹಾಕ್ಕೊಳ್ಳೋ ಒಂದು ಐಇಎಂ (ಕಿವಿಯೊಳಗೆ ತೂರಿಸೋ ಇಯರ್‌ಫೋನ್). ಮೂರೂ ಲ್ಯಾಪ್‌ಟಾಪಿಗೆ ಚುಚ್ಚಿದ ಆಪಲ್ ಡಾಂಗಲ್‌ನಲ್ಲೇ (ಯುಎಸ್‌ಬಿಗೆ ಚುಚ್ಚೋ ಚಿಕ್ಕ ಹೆಡ್‌ಫೋನ್ ಅಡಾಪ್ಟರ್) ನಡೀತಿವೆ. ಮನೆಯವರು ಮಲಗಿದ ಮೇಲೆ ಕೇಳೋ ಅಭ್ಯಾಸ. ಹೆಚ್ಚು ಹಿಂದೂಸ್ತಾನಿ, ಅದರಲ್ಲೂ ಮನ್ಸೂರರು, ಗಂಗೂಬಾಯಿ ಹಾನಗಲ್. ಆಮೇಲೆ ರಾಜನ್-ನಾಗೇಂದ್ರ ಕಾಲದ ಸಿನಿಮಾ ಹಾಡು.

ಅಮೆರಿಕದಲ್ಲಿರೋ ಅಣ್ಣ ದೀಪಾವಳಿಗೆ ಬರ್ತಿದ್ದಾನೆ. ಅವನ ಹತ್ರ ಜೆಡಿಎಸ್ ಲ್ಯಾಬ್ಸ್‌ನ ಮೊದಲ ಆಟಮ್ ಆಂಪ್ (ಹೆಡ್‌ಫೋನಿಗೆ ಧ್ವನಿ ಜೋರು ಮಾಡೋ ಪೆಟ್ಟಿಗೆ), 2018ರಲ್ಲಿ ಬಂದಿದ್ದು, ಸುಮ್ನೆ ಬಿದ್ದಿದೆಯಂತೆ, ಬೇಕಾದ್ರೆ ತರ್ತೀನಿ ಅಂದ. ಇಲ್ಲಾಂದ್ರೆ ಇಲ್ಲೇ ಫಿಯೋ ಕೆ7 ತಗೊಳ್ಳೋಣ ಅಂತಿದ್ದೆ. ಯಾವುದಾದ್ರೂ ಸರಿ, ಡಾಂಗಲ್‌ಗಿಂತ ಏನು ಹೆಚ್ಚಾಗತ್ತೆ? ಯೂಟ್ಯೂಬಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಬಂದ ಮೇಲೆ ಒಳ್ಳೇದೋ ಕೆಟ್ಟದ್ದೋ ಅಂತ ಮನೇಲೇ ತಿಳ್ಕೊಳ್ಳೋದು ಹೇಗೆ?

ಫ್ಯಾನ್ ಆಫ್ ಮಾಡಿ

ಜೆಡಿಎಸ್ ಅಂದ ಕೂಡ್ಲೇ ತೆನೆ ಹೊತ್ತ ಮಹಿಳೆ ಕಣ್ಣಿಗೆ ಬಂತು. ಇರ್ಲಿ. ಓಮ್‌ಕಾರ ಸಾರ್ ಬರೋ ತನಕ ಕಾಯಿರಿ, ಕ್ಯಾಲ್ಕುಲೇಟರ್ ಹಿಡ್ಕೊಂಡೇ ಬರ್ತಾರೆ.

ಓಮ್‌ಕಾರ (ಬೆಂಗಳೂರು)

ಬಂದೆ.

ಲೆಕ್ಕ ಇಲ್ಲದೆ ಈ ಪ್ರಶ್ನೆಗೆ ಉತ್ತರ ಇಲ್ಲ, ಆದ್ರೆ ಲೆಕ್ಕ ಏಳನೇ ಕ್ಲಾಸಿನದ್ದು. ಎಚ್‌ಡಿ 650ಗೆ ಕಂಪನಿ ಕೊಡೋ ಸಂಖ್ಯೆ: 1 ವೋಲ್ಟ್ ಕೊಟ್ರೆ 103 ಡೆಸಿಬೆಲ್. ಇಂಪೀಡೆನ್ಸ್ (ಕರೆಂಟಿಗೆ ಒಡ್ಡೋ ತಡೆ) 300 ಓಮ್. ನೀವು ರಾತ್ರಿ ಹೊತ್ತು ಸರಾಸರಿ 80 ಡೆಸಿಬೆಲ್‌ನಲ್ಲಿ ಕೇಳ್ತೀರಿ ಅನ್ಕೊಳ್ಳಿ, ನನ್ನ ಪ್ರಕಾರ ಅದೇ ಜೋರು. 103ರಿಂದ 23 ಡೆಸಿಬೆಲ್ ಕೆಳಗೆ ಅಂದ್ರೆ 0.07 ವೋಲ್ಟ್. 300 ಓಮ್‌ಗೆ ಅದು 16 ಮೈಕ್ರೊವ್ಯಾಟ್. ಮಿಲಿವ್ಯಾಟ್ ಅಲ್ಲ, ಮೈಕ್ರೊವ್ಯಾಟ್. ಆಂಪ್ ಜಾಹೀರಾತಿನಲ್ಲಿ 2 ವ್ಯಾಟ್, 3 ವ್ಯಾಟ್ ಅಂತ ಬರೆದಿರೋದನ್ನ ಇದರ ಪಕ್ಕ ಇಟ್ಟು ನೋಡಿ.

ಹಾಗಂತ 0.07 ವೋಲ್ಟ್ ಸಾಕು ಅಂತ ಅಲ್ಲ. ತಬಲಾದ ಒಂದು ಏಟು, ಗಾಯಕರು ತಾರ ಷಡ್ಜ ಹಿಡಿಯೋ ಕ್ಷಣ, ಇವೆಲ್ಲ ಸರಾಸರಿಗಿಂತ 15-20 ಡೆಸಿಬೆಲ್ ಮೇಲೆ ಹೋಗ್ತವೆ. ಅಂದ್ರೆ 100 ಡೆಸಿಬೆಲ್ ತನಕ ಕತ್ತರಿಸದೆ ಬರ್ಬೇಕು. ಡಾಂಗಲ್‌ನ ಅಮೆರಿಕದ ಮಾದರಿ 1 ವೋಲ್ಟ್ ಕೊಡತ್ತೆ, ಯುರೋಪಿನದ್ದು ಅದರ ಅರ್ಧ. ನಿಮ್ಮದು ಮೊದಲನೇದಾಗಿದ್ರೆ ಎಚ್‌ಡಿ 650 ಗರಿಷ್ಠ 103. ಬೇಕಾದಷ್ಟಿದೆ, ಆದ್ರೆ ಅಂಚಿನಲ್ಲೇ ಇದೆ.

ಎಚ್‌ಇ400ಎಸ್‌ಇ ಲೆಕ್ಕ ಬೇರೆ: 1 ಮಿಲಿವ್ಯಾಟಿಗೆ 91 ಡೆಸಿಬೆಲ್, 32 ಓಮ್. 1 ವೋಲ್ಟ್ ಕೊಟ್ರೆ 31 ಮಿಲಿವ್ಯಾಟ್, ಅಂದ್ರೆ 106 ಡೆಸಿಬೆಲ್. ಇದು ಪ್ಲೇನಾರ್, ಅಂದ್ರೆ ಚಪ್ಪಟೆ ಪೊರೆ ಇಡಿಯಾಗಿ ಕಂಪಿಸೋ ಜಾತಿ. ಎಲ್ಲರೂ ‘ಪ್ಲೇನಾರ್‌ಗೆ ದೊಡ್ಡ ಆಂಪ್ ಬೇಕೇ ಬೇಕು’ ಅಂತಾರಲ್ಲ, ಡಾಂಗಲ್ ಮೇಲೆ ಅದೇ ನಿಮ್ಮ ಎಚ್‌ಡಿ 650ಗಿಂತ ಜೋರಾಗಿ ಹಾಡತ್ತೆ.

ರಾತ್ರಿರಾಗ

ಹಾಗಾದ್ರೆ ಆಂಪೇ ಬೇಡ್ವಾ? ಆದ್ರೆ ಕೆಲವು ಹಳೇ ರೆಕಾರ್ಡಿಂಗಿಗೆ ವಾಲ್ಯೂಮ್ ಪೂರ್ತಿ ಇಟ್ರೂ ಸಾಲಲ್ಲ. ಅದಂತೂ ಭ್ರಮೆ ಅಲ್ಲ.

ಓಮ್‌ಕಾರ

ಭ್ರಮೆ ಅಲ್ಲ. ಇವತ್ತಿನ ಸಿನಿಮಾ ಹಾಡುಗಳನ್ನ ಮಾಸ್ಟರಿಂಗ್‌ನಲ್ಲಿ ಹಿಂಡಿ ಹಿಂಡಿ ಮೇಲಕ್ಕೆ ತಳ್ಳಿರ್ತಾರೆ. ಹಳೇ ಸಂಗೀತ ಕಚೇರಿ ರೆಕಾರ್ಡಿಂಗಿನ ಸರಾಸರಿ ಮಟ್ಟ ಅದಕ್ಕಿಂತ ಎಷ್ಟೋ ಕೆಳಗಿರತ್ತೆ. ಇನ್ನೊಂದು ಕೇಳ್ತೀನಿ, ಈಕ್ಯೂ (ಬೇಸ್, ಟ್ರೆಬಲ್ ಏರಿಳಿಸೋ ಸೆಟ್ಟಿಂಗ್) ಹಾಕ್ತೀರಾ?

ರಾತ್ರಿರಾಗ

ಹಾಕ್ತೀನಿ. ಎರಡಕ್ಕೂ ಕೆಳ ಬೇಸ್ ಕಮ್ಮಿ ಅನ್ಸತ್ತೆ, 6 ಡೆಸಿಬೆಲ್ ಏರಿಸಿದ್ದೀನಿ.

ಓಮ್‌ಕಾರ

ಸಿಕ್ತು ನೋಡಿ. 6 ಡೆಸಿಬೆಲ್ ಬೇಸ್ ಏರಿಸಿದ್ರೆ ಡಿಜಿಟಲ್ ಕ್ಲಿಪ್ ಆಗ್ಬಾರದು (ತರಂಗದ ತುದಿ ಕತ್ತರಿಸಿ ಹೋಗ್ಬಾರದು) ಅಂತ ಒಟ್ಟು ಮಟ್ಟವನ್ನ 6 ಇಳಿಸ್ಬೇಕು. ಈಗ ಡಾಂಗಲ್‌ನಿಂದ ಮಧ್ಯ ಸ್ವರಗಳಿಗೆ ಸಿಗೋದು ಅರ್ಧ ವೋಲ್ಟ್, ಅಂದ್ರೆ ಎಚ್‌ಡಿ 650ಗೆ 97 ಡೆಸಿಬೆಲ್. ಅದರ ಮೇಲೆ ಮಂದ ರೆಕಾರ್ಡಿಂಗ್. ಸಾಲಲ್ಲ ಅಂದ್ರೆ ಸಾಲಲ್ಲ. ನಿಮಗೆ ಆಂಪ್ ಬೇಕಾಗಿರೋದು ಇದಕ್ಕೆ. ‘ವಿವರ ತೆರೆದುಕೊಳ್ಳತ್ತೆ’, ‘ಪರದೆ ಸರಿಯತ್ತೆ’ ಅಂತ ವಿಮರ್ಶೆಗಳಲ್ಲಿ ಬರೀತಾರಲ್ಲ, ಅದಕ್ಕಲ್ಲ.

ಆಟಮ್ 32 ಓಮ್‌ಗೆ 1 ವ್ಯಾಟ್ ಕೊಡತ್ತೆ. ವೋಲ್ಟಿನಲ್ಲಿ 5.6. 300 ಓಮ್‌ಗೆ ಅದಕ್ಕಿಂತ ಕಮ್ಮಿ ಅಂತೂ ಇರಲ್ಲ. 118 ಡೆಸಿಬೆಲ್. ಈಕ್ಯೂ ಆದ ಮೇಲೂ ತುಂಬಾ ಜಾಗ ಉಳಿಯತ್ತೆ.

ಕರಾವಳಿ ಕಿವಿ (ಮಂಗಳೂರು)

ಓಮ್‌ಕಾರ ಮಾರಾಯ್ರೆ, ನಿಮ್ಮ ಲೆಕ್ಕ ಎಲ್ಲ ಸರಿ. ಆದ್ರೆ ನನ್ನಲ್ಲಿ ಒಂದು ಟ್ಯೂಬ್ ಆಂಪ್ (ಹಳೇ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರುವುದು) ಉಂಟು, ಒಂದು ಸಾಲಿಡ್ ಸ್ಟೇಟ್ (ಟ್ರಾನ್ಸಿಸ್ಟರಿನದ್ದು) ಉಂಟು. ಅದೇ ಎಚ್‌ಡಿ 650 ಹಾಕಿದ್ರೆ ಟ್ಯೂಬಿನಲ್ಲಿ ಮೃದಂಗದ ತೊಪ್ಪಿ ಕಡೆ ತುಂಬಿ ಬರ್ತದೆ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಸ್ವಲ್ಪ ಮೈ ತುಂಬಿಕೊಳ್ತದೆ. ಅದು ಎಂತ, ಮನಸ್ಸಿನ ಆಟವಾ?

ಓಮ್‌ಕಾರ

ಅಲ್ಲ, ನಿಮ್ಮ ಕಿವಿ ಸರಿಯಾಗೇ ಇದೆ. ಇದು ಈ ವಿಷಯದಲ್ಲಿ ನನಗೆ ಇಷ್ಟವಾದ ಭಾಗ, ಸ್ವಲ್ಪ ಉದ್ದ ಬರೀತೀನಿ.

ಎಚ್‌ಡಿ 650 300 ಓಮ್ ಅಂತ ಪೆಟ್ಟಿಗೆ ಮೇಲೆ ಬರೆದಿದ್ರೂ ಎಲ್ಲ ಸ್ವರಕ್ಕೂ 300 ಅಲ್ಲ. ಅದರ ಡಯಾಫ್ರಮ್ (ಸದ್ದು ಮಾಡೋ ಪೊರೆ) ತನ್ನ ಸ್ವಂತ ಕಂಪನದಲ್ಲಿ ಆಡೋ ಜಾಗ, ಸುಮಾರು 80-100 ಹರ್ಟ್ಸ್ ಸುತ್ತ, ಇಂಪೀಡೆನ್ಸ್ 500 ಓಮ್ ಆಸುಪಾಸು ಏರತ್ತೆ. ಈಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ಯೂಬ್ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ 120 ಓಮ್ ಅನ್ಕೊಳ್ಳಿ. ಆಂಪ್ ಒಳಗಿನ 120, ಹೆಡ್‌ಫೋನಿನ 300, ಎರಡೂ ವೋಲ್ಟೇಜ್ ಹಂಚ್ಕೊಳ್ತವೆ. ಮಧ್ಯ ಸ್ವರದಲ್ಲಿ ಹೆಡ್‌ಫೋನಿಗೆ ಸಿಗೋದು 420ರಲ್ಲಿ 300 ಪಾಲು. 90 ಹರ್ಟ್ಸ್ ಹತ್ರ 620ರಲ್ಲಿ 500. ಡೆಸಿಬೆಲ್‌ನಲ್ಲಿ ವ್ಯತ್ಯಾಸ 1ಕ್ಕಿಂತ ಒಂದು ಚೂರು ಮೇಲೆ. ಮೃದಂಗದ ಎಡಗಡೆ ನಾದ ಇರೋದೂ ಆ ಸುತ್ತಮುತ್ತಲೇ. ಜೊತೆಗೆ ಟ್ಯೂಬಿನ ಎರಡನೇ ಹಾರ್ಮೋನಿಕ್ ಡಿಸ್ಟಾರ್ಷನ್ (ಮೂಲ ಸ್ವರದ ದುಪ್ಪಟ್ಟು ಕಂಪನ ಸೇರೋ ವಿರೂಪ) ಇದ್ರೆ ಅದೂ ಸೇರತ್ತೆ.

ಇದು ಮ್ಯಾಜಿಕ್ ಅಲ್ಲ, ಒಂದು ಸಣ್ಣ ಈಕ್ಯೂ. 1996ರ ಐಇಸಿ 61938 ಮಾನದಂಡ ಹೆಡ್‌ಫೋನ್ ಔಟ್‌ಪುಟ್‌ಗೆ 120 ಓಮ್ ಅಂತಲೇ ಶಿಫಾರಸು ಮಾಡಿತ್ತು, ಹಾಗಾಗಿ ಹಳೇ ರಿಸೀವರ್‌ಗಳಲ್ಲಿ ಇಂಥ ಸಂಖ್ಯೆ ಕಾಣೋದು ವಿಚಿತ್ರವೇನಲ್ಲ. ಎಚ್‌ಇ400ಎಸ್‌ಇ ಪ್ಲೇನಾರ್, ಅದರ ಇಂಪೀಡೆನ್ಸ್ ಗೆರೆ ಎಳೆದ ಹಾಗೆ ನೇರ. ಅದಕ್ಕೆ 120 ಓಮ್ ಆಂಪ್ ಹಾಕಿದ್ರೆ ಬೇಸ್ ಏರಲ್ಲ, ಇಡೀ ಧ್ವನಿ ಕಮ್ಮಿಯಾಗತ್ತೆ ಅಷ್ಟೆ.

ಐಇಎಂಗೆ ಮಾತ್ರ ಎಚ್ಚರ. ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನೋ ಪುಟ್ಟ ಡ್ರೈವರ್ (ಸದ್ದು ಮಾಡೋ ಭಾಗ) ಹಲವು ಇರೋವು ಒಂದು ಸ್ವರದಲ್ಲಿ 8 ಓಮ್, ಇನ್ನೊಂದರಲ್ಲಿ 40 ಓಮ್ ಹೀಗೆಲ್ಲ ಕುಣೀತವೆ. ಅಲ್ಲಿ ಆಂಪ್ 1 ಓಮ್ ಒಳಗಿದ್ರೆ ಒಳ್ಳೇದು. ಆಟಮ್ 0.7 ಓಮ್. ಚಿಂತೆ ಇಲ್ಲ.

ಕರಾವಳಿ ಕಿವಿ

ಹಾಗಾದ್ರೆ ನನ್ನ ಟ್ಯೂಬ್ ಮಾರುವುದಿಲ್ಲ, ಅಷ್ಟೇ 😄 ಕೆಂಪಗೆ ಉರಿಯುವುದು ನೋಡ್ಲಿಕ್ಕೇ ಚಂದ.

ಹುಬ್ಬಳ್ಳಿ ಹುಡ್ಗ

ಎಲ್ಲಾರೂ ಡೆಸಿಬೆಲ್ ಮಾತಾಡಾಕತ್ತೀರಿ, ಮೊದಲ ಆ ಅಡಾಪ್ಟರ್ ಕಡೆ ನೋಡ್ರಿ! ಅಮೆರಿಕಾದಿಂದ ಬರೂ ಆಟಮ್ ಜೋಡಿ ಬರೂದು 120 ವೋಲ್ಟಿಂದು. ಮೊಬೈಲ್ ಚಾರ್ಜರ್ ಗತೆ 100ರಿಂದ 240 ತನ ತಡ್ಕೋತದ ಅಂತ ತಿಳ್ಕೊಂಡು ನಮ್ಮ 230 ವೋಲ್ಟಿಗೆ ಚುಚ್ಚೀರಿ ಮತ್ತ. ಅದರಾಗ ಇರೂದು ಬರೇ ತಾಮ್ರದ ಟ್ರಾನ್ಸ್‌ಫಾರ್ಮರ್. 230 ಹಚ್ಚಿದ್ರ ಕೋರ್ ಸ್ಯಾಚುರೇಟ್ ಆಗಿ, ಕಾಯ್ದು, ಒಳಗಿನ ಥರ್ಮಲ್ ಫ್ಯೂಸ್ ಹೋಗತೈತಿ. ಅದು ಹೋಗೂದ್ರಾಗ ಆಂಪಿಗೆ ದುಪ್ಪಟ್ಟು ವೋಲ್ಟೇಜ್ ಹೊಕ್ಕಿರತೈತಿ.

ಇನ್ನೊಂದು ಮಾತು. ಅದು ಎಸಿ ಕೊಡೂ ಅಡಾಪ್ಟರ್, ಡಿಸಿ ಅಲ್ಲ. ಪಿನ್ ಹೊಂದತೈತಿ ಅಂತ ಮನ್ಯಾಗಿನ ರೂಟರ್ ಅಡಾಪ್ಟರ್ ತುರುಕಬ್ಯಾಡ್ರಿ. ನಾ ಸ್ವತಃ ಓ2 ಅನ್ನೂ ಹೆಡ್‌ಫೋನ್ ಆಂಪ್ ಕಟ್ಟೇನಿ, ಅದ ಎನ್‌ಡಬ್ಲ್ಯೂಎವಿಗೈ ಅನ್ನೂ ಹೆಸರಿನ್ಯಾಗ ಬರದಾಂವ 2011ರಾಗ ಬಿಟ್ಟ ಡಿಸೈನ್. ಅದರಾಗೂ ಹಿಂಗ. ಎಸಿ ಬಂದ್ರ ಒಂದು ಅರ್ಧ ತರಂಗದಿಂದ ಪ್ಲಸ್ 12, ಇನ್ನೊಂದು ಅರ್ಧದಿಂದ ಮೈನಸ್ 12 ಮಾಡ್ಕೋತೈತಿ. ಡಿಸಿ ಕೊಟ್ರ ಒಂದ ಕಡಿ ಜೀವ ಬರತೈತಿ, ಇನ್ನೊಂದು ಕಡಿ ಸತ್ತಂಗ ಕುಂದರತೈತಿ.

ಅಣ್ಣಾರಿಗೆ ಹೇಳಿ ಅಡಾಪ್ಟರ್ ಅಲ್ಲೇ ಬಿಟ್ಟು ಬಾ ಅನ್ರಿ. ಅದರ ಮ್ಯಾಲೆ ಔಟ್‌ಪುಟ್ ಎಷ್ಟು ವೋಲ್ಟ್ ಎಸಿ, ಎಷ್ಟು ಮಿಲಿಆಂಪ್ ಅಂತ ಬರದೈತಿ, ಅದರ ಫೋಟೋ ತಗೊಂಡು ಕಳಸಂತ ಹೇಳ್ರಿ. ಅಷ್ಟ ಔಟ್‌ಪುಟ್‌ದು 230 ವೋಲ್ಟಿಂದು ಬೆಂಗಳೂರಿನ ಎಸ್‌ಪಿ ರೋಡಿನ್ಯಾಗ ಟ್ರಾನ್ಸ್‌ಫಾರ್ಮರ್ ಸುತ್ತೂ ಅಂಗಡಿಯಾಂವ್ರ ಕಡೆ ಮಾಡ್ಸಬೌದು.

ಬೇ ಏರಿಯಾ ಬಸವ

ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು. ಇಲ್ಲಿಂದ ಊರಿಗೆ ಆಂಪ್ ಹೊತ್ಕೊಂಡು ಹೋಗೋರೆಲ್ಲ ಇದನ್ನ ಮರೀತಾರೆ. ಕಂಪನಿಗಳು 230 ವೋಲ್ಟ್ ಅಡಾಪ್ಟರ್ ಬೇರೆಯಾಗಿ ಮಾರೋದೂ ಉಂಟು, ಹೊರಡೋಕೆ ಮುಂಚೆ ತರಿಸಿಕೊಂಡ್ರೆ ಎಸ್‌ಪಿ ರೋಡ್ ಅಲೆದಾಟ ತಪ್ಪತ್ತೆ. ಕೆ7 ವಿಷಯದಲ್ಲಿ ಈ ತಲೆನೋವಿಲ್ಲ, ಅದಕ್ಕೆ 12 ವೋಲ್ಟ್ ಡಿಸಿ ಅಡಾಪ್ಟರ್, ಎಲ್ಲ ದೇಶಕ್ಕೂ ಆಗತ್ತೆ.

ಫ್ಯಾನ್ ಆಫ್ ಮಾಡಿ

ಕೆ7ನಲ್ಲಿ ಡ್ಯಾಕ್ (ಡಿಜಿಟಲ್ ಹಾಡನ್ನ ಅನಲಾಗ್ ಸಿಗ್ನಲ್ ಮಾಡೋ ಭಾಗ) ಕೂಡ ಒಳಗೇ ಇದೆಯಲ್ವಾ?

ಓಮ್‌ಕಾರ

ಇದೆ. ಎರಡು ಎಕೆ4493ಎಸ್‌ಇಕ್ಯೂ ಚಿಪ್, ಟಿಎಚ್‌ಎಕ್ಸ್ ಎಎಎ 788+ ಆಂಪ್. 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ತೂತಿನಲ್ಲಿ 32 ಓಮ್‌ಗೆ 2 ವ್ಯಾಟ್. ಒಳ್ಳೇ ಪೆಟ್ಟಿಗೆ. ಆದ್ರೆ ರಾತ್ರಿರಾಗರಿಗೆ ಆಟಮ್ ಪುಕ್ಕಟೆ ಸಿಗ್ತಿದೆ, ಡಾಂಗಲ್‌ನ ಡ್ಯಾಕ್ ಕೂಡ ಸ್ವಚ್ಛವಾಗಿದೆ. ನಾನಾಗಿದ್ರೆ ಆ ದುಡ್ಡು ಕೈಯಲ್ಲೇ ಇಟ್ಕೊಳ್ತಿದ್ದೆ.

ಒಂದು ಸೂಕ್ಷ್ಮ: ಆಟಮ್‌ನಲ್ಲಿ ಗೇನ್ (ಸಿಗ್ನಲನ್ನ ಎಷ್ಟು ಪಟ್ಟು ಏರಿಸತ್ತೆ ಅನ್ನೋದು) ಎರಡು, 1 ಪಟ್ಟು ಮತ್ತು 4.5 ಪಟ್ಟು. ಡಾಂಗಲ್‌ನಿಂದ 1 ವೋಲ್ಟ್ ಒಳಗೆ ಹೋಗಿ, ಕಮ್ಮಿ ಗೇನ್‌ನಲ್ಲಿ ನಾಬ್ ಪೂರ್ತಿ ತಿರುಗಿಸಿದ್ರೆ ಹೊರಗೆ ಬರೋದೂ 1 ವೋಲ್ಟೇ! ಡಾಂಗಲ್‌ಗಿಂತ ಒಂದು ಚೂರೂ ಜೋರಾಗಲ್ಲ. ‘ಆಂಪ್ ಹಾಕಿದ್ರೂ ಏನೂ ಆಗ್ಲಿಲ್ಲ’ ಅಂತ ಬರೆಯೋರಲ್ಲಿ ಅರ್ಧ ಜನರ ಕಥೆ ಇದೇ ಇರ್ಬೇಕು. ಹೆಚ್ಚು ಗೇನ್ ಒತ್ತಿದ್ರೆ 4.5 ವೋಲ್ಟ್, ಎಚ್‌ಡಿ 650ಗೆ 116 ಡೆಸಿಬೆಲ್.

ರಾತ್ರಿರಾಗ

ತುಂಬಾ ಧನ್ಯವಾದ. ಅಣ್ಣನಿಗೆ ಹೇಳಿ 230ರ ಅಡಾಪ್ಟರ್ ಆರ್ಡರ್ ಮಾಡಿಸಿದೆ. ಇನ್ನು ಪರೀಕ್ಷೆ ವಿಷಯ? ಡಾಂಗಲ್ ಒಂದು ಸಲ, ಆಟಮ್ ಒಂದು ಸಲ ಕೇಳಿ ಹೋಲಿಸಿದ್ರೆ ಸಾಕಾ?

ಓಮ್‌ಕಾರ

ಸಾಲಲ್ಲ. ಎರಡರ ಮಟ್ಟ ಒಂದೇ ಇಲ್ಲದೆ ಹೋಲಿಸಿದ್ರೆ ಚೂರು ಜೋರಿರೋದೇ ಗೆಲ್ಲತ್ತೆ. ಅರ್ಧ ಡೆಸಿಬೆಲ್ ಜೋರಿದ್ರೆ ಕಿವಿಗೆ ‘ಜೋರು’ ಅಂತ ಗೊತ್ತಾಗಲ್ಲ, ‘ಸ್ಪಷ್ಟ’, ‘ಅಗಲ’ ಅಂತ ಕೇಳತ್ತೆ. ಹಾಗಾಗಿ ಮಲ್ಟಿಮೀಟರ್ ಬೇಕು.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋ ಹಳದಿ ಡಿಟಿ-830ಡಿ ಬೇಡ. ಅದರಲ್ಲಿ ಎಸಿಗೆ ಇರೋದು 200 ಮತ್ತು 750 ವೋಲ್ಟ್ ರೇಂಜ್ ಮಾತ್ರ, ಅರ್ಧ ವೋಲ್ಟ್ ಅಳೆಯೋಕೆ ಹೋದ್ರೆ 0.5 ಅಂತ ಒಂದೇ ಅಂಕಿ ತೋರಿಸಿ ಕೂತ್ಕೊಳ್ಳತ್ತೆ. ಎಸಿ 2 ವೋಲ್ಟ್ ರೇಂಜ್ ಇರೋದು, ಅಥವಾ ಮಿಲಿವೋಲ್ಟ್ ತನಕ ತೋರಿಸೋ ಆಟೋ ರೇಂಜಿನದ್ದು ಯಾರ ಹತ್ರನಾದ್ರೂ ಎರವಲು ತನ್ನಿ.

ಇಬ್ಬರು ಕೇಳೋಕೆ ಬಳಸೋ ಹೆಡ್‌ಫೋನ್ ಸ್ಪ್ಲಿಟರ್ ಇರತ್ತಲ್ಲ, ಅದನ್ನ ಆಂಪಿಗೆ ಹಾಕಿ. ಒಂದು ಕಡೆ ಹೆಡ್‌ಫೋನ್, ಇನ್ನೊಂದು ಕಡೆ ಎರಡೂ ತುದಿ ಗಂಡು ಪಿನ್ ಇರೋ ಒಂದು ಆಕ್ಸ್ ವೈರ್. ವೈರಿನ ಖಾಲಿ ಪಿನ್ನಿನ ತುದಿಗೆ ಕೆಂಪು ಪ್ರೋಬ್, ಬುಡಕ್ಕೆ ಕಪ್ಪು. ತುದಿ ಎಡ ಚಾನೆಲ್, ನಡುವಿನ ಉಂಗುರ ಬಲ. ಪ್ರೋಬ್ ಜಾರಿ ತುದಿ-ಉಂಗುರ ಎರಡಕ್ಕೂ ತಾಗದ ಹಾಗೆ ಹಿಡೀರಿ. 100 ಹರ್ಟ್ಸ್ ಸೈನ್ ಟೋನ್ ಹಾಕಿ, 1000 ಅಲ್ಲ. ಅಗ್ಗದ ಮೀಟರ್‌ಗಳು ಕರೆಂಟಿನ 50 ಹರ್ಟ್ಸ್ ಸುತ್ತ ನಿಖರ, ಮೇಲೆ ಹೋದಷ್ಟೂ ಸುಳ್ಳು ಹೇಳ್ತವೆ. ಡಾಂಗಲ್‌ನಲ್ಲಿ 0.500 ಬಂದ್ರೆ ಆಟಮ್‌ನಲ್ಲಿ 0.495ರಿಂದ 0.505ರ ಒಳಗೆ ನಿಲ್ಲಿಸಿ. 0.1 ಡೆಸಿಬೆಲ್ ಒಳಗಾಯ್ತು. ಇದನ್ನೆಲ್ಲ ಹೆಡ್‌ಫೋನ್ ತಲೆಗೆ ಹಾಕ್ಕೊಂಡು ಮಾಡ್ಬೇಡಿ, ಟೇಬಲ್ ಮೇಲಿರ್ಲಿ. ಅರ್ಧ ವೋಲ್ಟಿಗೆ 97 ಡೆಸಿಬೆಲ್ ಅಂತ ಮೇಲೆ ನೋಡಿದ್ರಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ಗೆ.

ಆಮೇಲೆ ಪಿನ್ ಬದಲಾಯಿಸೋ ಕೆಲಸ ಮನೆಯವರಿಗೆ ಕೊಡಿ, ಯಾವುದು ಯಾವುದು ಅಂತ ಅವರು ಚೀಟಿಯಲ್ಲಿ ಬರ್ಕೊಳ್ಳಲಿ.

ಕರಾವಳಿ ಕಿವಿ

ಮನೆಯವರನ್ನು ಎಬ್ಬಿಸಿ ಪಿನ್ ಚುಚ್ಚಿಸುವುದಾ! ವಿಚ್ಛೇದನಕ್ಕೆ ವಕೀಲರ ನಂಬರ್ ಬೇಕಾದ್ರೆ ಕೊಡ್ತೇನೆ.

ಫ್ಯಾನ್ ಆಫ್ ಮಾಡಿ

ಶಬ್ದ ಪರೀಕ್ಷೆ ಮರೀಬೇಡಿ, ನನ್ನ ಹೆಸರೇ ಅದು. ಹಾಡು ನಿಲ್ಲಿಸಿ, ಐಇಎಂ ಹಾಕ್ಕೊಂಡು, ನಾಬ್‌ನ ನೀವು ದಿನಾ ಇಡೋ ಜಾಗದಲ್ಲಿ ಇಟ್ಟು ‘ಸ್ಸ್’ ಅಂತ ಬರ್ತಿದೆಯಾ ಕೇಳಿ. ಕೊನೆ ತನಕ ತಿರುಗಿಸಿದ್ರೆ ಬರೋ ಶಬ್ದಕ್ಕೆ ಬೆಲೆ ಇಲ್ಲ, ಅಲ್ಲಿಟ್ಟು ಯಾರು ಕೇಳ್ತಾರೆ? ಫ್ಯಾನ್ ತಿರುಗ್ತಿದ್ರೆ ಎಚ್‌ಡಿ 650 ಥರದ ತೆರೆದ ಬೆನ್ನಿನ ಹೆಡ್‌ಫೋನಿನಲ್ಲಿ ಯಾವ ಆಂಪಿನ ಸದ್ದೂ ಕೇಳಲ್ಲ. ಸಿನಾಡ್ (ಆಂಪಿನ ಶಬ್ದ, ವಿರೂಪ ಎಷ್ಟು ಕಮ್ಮಿ ಅನ್ನೋ ಅಳತೆ) 115 ಒಳ್ಳೇದಾ 120 ಒಳ್ಳೇದಾ ಅಂತ ಜಗಳ ಆಡೋರು ಏಪ್ರಿಲ್ ತಿಂಗಳಲ್ಲಿ ರಾಯಚೂರಿಗೆ ಬಂದು ಫ್ಯಾನ್ ಆಫ್ ಮಾಡಿ ತೋರಿಸ್ಲಿ.

ಓಮ್‌ಕಾರ

ಮನ್ಸೂರರ ಹಳೇ ರೆಕಾರ್ಡಿಂಗ್ ಕೇಳೋರಿಗೆ ಆ ಜಗಳ ಇನ್ನೂ ದೂರ. ಟೇಪಿನ ಹಿಸ್ ಈ ಆಂಪ್‌ಗಳ ಹಿಸ್‌ಗಿಂತ ಎಷ್ಟೋ ಮೇಲಿದೆ.

ರಾತ್ರಿರಾಗ

ಅಣ್ಣ ಬಂದ, ಆಟಮ್ ಬಂತು, ಅಡಾಪ್ಟರ್ ಸರಿಯಾದ್ದೇ ಬಂತು. ಜೋರಿನ ಸಮಸ್ಯೆ ಹೋಯ್ತು, ಹೆಚ್ಚು ಗೇನ್‌ನಲ್ಲಿ ನಾಬ್ ಅರ್ಧಕ್ಕೂ ಹೋಗಲ್ಲ. ಆದ್ರೆ ಎರಡು ತೊಂದರೆ.

ಒಂದು, ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ್ರೆ ಸಣ್ಣಗೆ ‘ಝೂ’ ಅಂತ ಹಮ್. ಆಗ ಲ್ಯಾಪ್‌ಟಾಪಿನ ಲೋಹದ ಅಂಚಿನ ಮೇಲೆ ಬೆರಳು ಸವರಿದ್ರೆ ಜುಮ್ ಅನ್ನತ್ತೆ. ಎರಡು, ಐಇಎಂ ಹಾಕ್ಕೊಂಡಾಗ ಗಾಯಕಿ ಸ್ವಲ್ಪ ಎಡಕ್ಕೆ ಜರುಗಿ ನಿಂತ ಹಾಗೆ. ಎಚ್‌ಡಿ 650ನಲ್ಲಿ ಹಾಗಿಲ್ಲ.

ಹುಬ್ಬಳ್ಳಿ ಹುಡ್ಗ

ಜುಮ್ ಅನ್ನೂದು ಅರ್ತಿಂಗ್ ಇಲ್ಲದ್ದಕ್ಕ. ಚಾರ್ಜರ್ ಒಳಗ ಲೈನ್ ಕಡಿಯಿಂದ ಔಟ್‌ಪುಟ್ ಕಡಿಗೆ ಒಂದು ಸಣ್ಣ ವೈ-ಕೆಪಾಸಿಟರ್ ಇರತೈತಿ, ಅದರ ಮೂಲಕ ಅಷ್ಟ ಅಷ್ಟ ಲೀಕೇಜ್ ಕರೆಂಟ್ ಬರತೈತಿ. ಮೂರು ಪಿನ್ನಿನ ಚಾರ್ಜರ್ ಇದ್ರ, ಗ್ವಾಡಿ ಸಾಕೆಟ್ಟಿನ್ಯಾಗ ಅರ್ತ್ ಖರೇನ ಐತೋ ಇಲ್ಲೋ ಎಲೆಕ್ಟ್ರಿಷಿಯನ್‌ನ ಕರಸಿ ನೋಡಸ್ರಿ. ಹಳೀ ಮನ್ಯಾಗ ಮೂರನೇ ತೂತು ಬರೇ ಶೋಕಿಗೆ ಇರತೈತಿ, ಹಿಂದ ವೈರೇ ಇರೂದಿಲ್ಲ. ಚಾರ್ಜರ್ ತಗದು ಬ್ಯಾಟರಿ ಮ್ಯಾಲೆ ಓಡಿಸಿ ನೋಡ್ರಿ, ಹಮ್ ಹೋದ್ರ ಆಂಪಿನ ತಪ್ಪಲ್ಲ. ಕರೆಂಟ್ ಹೋದಾಗ ಇನ್ವರ್ಟರ್ ಮ್ಯಾಲೆ ಪರೀಕ್ಷಾ ಮಾಡಬ್ಯಾಡ್ರಿ, ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರ ಅಡಾಪ್ಟರ್ ಟ್ರಾನ್ಸ್‌ಫಾರ್ಮರ್ ತಾನ ಗುಂಯ್‌ಗುಡತೈತಿ.

ಓಮ್‌ಕಾರ

ಎಡಕ್ಕೆ ಜರುಗೋದು ವಾಲ್ಯೂಮ್ ನಾಬಿನ ಸ್ವಭಾವ. ಅನಲಾಗ್ ಪೊಟೆನ್ಶಿಯೊಮೀಟರ್‌ನಲ್ಲಿ ಎಡ-ಬಲ ಎರಡು ಟ್ರ್ಯಾಕ್ ಇರತ್ತೆ, ತಿರುವಿನ ಶುರುವಿನಲ್ಲಿ ಅವೆರಡೂ ಸರಿಯಾಗಿ ಹೊಂದಲ್ಲ. ಐಇಎಂಗೆ ಧ್ವನಿ ಜಾಸ್ತಿ ಬೇಡ, ಹಾಗಾಗಿ ನಾಬ್ ಅಲ್ಲೇ ಉಳಿಯತ್ತೆ. ನಿಮ್ಮ ಹಳೇ ಸಿನಿಮಾ ಹಾಡುಗಳಲ್ಲಿ ಮೋನೊ ರೆಕಾರ್ಡಿಂಗ್ ಇದೆಯಲ್ಲ, ಅದಕ್ಕಿಂತ ಒಳ್ಳೇ ಪರೀಕ್ಷೆ ಬೇರೆ ಇಲ್ಲ. ಮೋನೊ ಅಂದ ಮೇಲೆ ಧ್ವನಿ ಹಣೆಯ ನಟ್ಟನಡುವೆ ಇರ್ಲೇಬೇಕು. ಶೂನ್ಯದಿಂದ ನಿಧಾನಕ್ಕೆ ತಿರುಗಿಸ್ತಾ ಹೋಗಿ, ಎಲ್ಲಿ ನಡುವಿಗೆ ಬಂದು ನಿಲ್ಲತ್ತೋ ಆ ಜಾಗಕ್ಕಿಂತ ಕೆಳಗೆ ನಾಬ್ ಬಳಸ್ಬೇಡಿ. ಐಇಎಂ ಹಾಕುವಾಗ ಕಮ್ಮಿ ಗೇನ್ ಒತ್ತಿ. ಅದೂ ಸಾಲದಿದ್ರೆ ಲ್ಯಾಪ್‌ಟಾಪ್ ವಾಲ್ಯೂಮ್ 10-15 ಡೆಸಿಬೆಲ್ ಇಳಿಸಿ, ನಾಬ್ ತಾನಾಗೇ ಮೇಲೆ ಹೋಗತ್ತೆ. 24 ಬಿಟ್‌ನಲ್ಲಿ ಅಷ್ಟು ಇಳಿಸಿದ್ರೆ ಏನೂ ಕಳ್ಕೊಳ್ಳಲ್ಲ.

ರಾತ್ರಿರಾಗ

ಬ್ಯಾಟರಿ ಮೇಲೆ ಹಮ್ ಪೂರ್ತಿ ಮಾಯ. ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿದ್ರೆ ಹುಬ್ಬಳ್ಳಿಯವರು ಹೇಳಿದ ಹಾಗೇ, ಅರ್ತ್ ವೈರ್ ಗೋಡೆಯೊಳಗೆ ಬಂದಿದೆ, ಆದ್ರೆ ಸಾಕೆಟ್ಟಿಗೆ ಜೋಡಿಸಿಲ್ಲ. ಸರಿ ಮಾಡಿಸಿದೆ, ಜುಮ್ ಅನ್ನೋದೂ ಹೋಯ್ತು. ಕಮ್ಮಿ ಗೇನ್‌ನಲ್ಲಿ ಎಂಟು ಗಂಟೆ ಜಾಗದಿಂದ ಆಚೆಗೆ ಪಿ. ಬಿ. ಶ್ರೀನಿವಾಸ್ ನಡುವೆ ಬಂದು ನಿಂತ್ರು.

ಮೀಟರ್ ಹಿಡಿದು ಮಟ್ಟ ಹೊಂದಿಸಿ ಮಗಳ ಕೈಲಿ ಪಿನ್ ಬದಲಾಯಿಸಿದೆ. ಮಾಮೂಲಿ ಜೋರಿನಲ್ಲಿ ಡಾಂಗಲ್ ಯಾವುದು ಆಟಮ್ ಯಾವುದು ಅಂತ ಹೇಳೋಕೆ ಆಗ್ಲಿಲ್ಲ. ಈಕ್ಯೂ ಹಾಕಿ ಮಂದ ರೆಕಾರ್ಡಿಂಗ್ ಹಾಕಿದ್ರೆ ಡಾಂಗಲ್ ಮುಗಿದುಹೋಗತ್ತೆ, ಆಟಮ್ ಇನ್ನೂ ಇದೆ. ಕೈಗೆ ಸಿಗೋ ದೊಡ್ಡ ನಾಬ್ ಮಾತ್ರ ಬಿಟ್ಟಿರೋಕಾಗಲ್ಲ, ಮೌಸ್ ಹುಡುಕೋ ಕೆಲಸ ತಪ್ಪಿತು.

ಕರಾವಳಿ ಕಿವಿ

ಟ್ಯೂಬ್ ಒಮ್ಮೆ ಕೇಳಿ ನೋಡಿ ಮಾರಾಯ್ರೆ, ಮಂಗಳೂರಿಗೆ ಬಂದಾಗ.

ಹೊಸ ಸದಸ್ಯ 

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಬೇಯರ್‌ಡೈನಾಮಿಕ್ ಡಿಟಿ 990, 250 ಓಮ್. ಫೋನಲ್ಲೇ ಕೇಳೋದು, ಈಕ್ಯೂ ಇಲ್ಲ. ನನಗೂ ಆಂಪ್ ಬೇಕಾ?

ಓಮ್‌ಕಾರ

1 ಮಿಲಿವ್ಯಾಟಿಗೆ 96 ಡೆಸಿಬೆಲ್. 1 ವೋಲ್ಟ್ ಕೊಟ್ರೆ 4 ಮಿಲಿವ್ಯಾಟ್, 102 ಡೆಸಿಬೆಲ್. 1 ವೋಲ್ಟ್ ಕೊಡೋ ಯಾವ ಡಾಂಗಲ್ ಆದ್ರೂ ಮೊದಲು ಅದನ್ನೇ ಹಾಕಿ ಕೇಳಿ. ಫೋನ್ ಆಂಡ್ರಾಯ್ಡ್ ಆದ್ರೆ ಆಪಲ್ ಡಾಂಗಲ್ ಬಿಟ್ಟು ಬೇರೆ ನೋಡಿ, ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ವಾಲ್ಯೂಮ್ ಪೂರ್ತಿ ಏರಲ್ಲ. ನೀವು ದಿನಾ ಕೇಳೋ ಹಾಡಲ್ಲಿ ಅತಿ ಮಂದ ಇರೋದನ್ನ ಹಾಕಿ, ವಾಲ್ಯೂಮ್ ಎಲ್ಲಿಗೆ ನಿಲ್ಲತ್ತೆ ಅಂತ ಇಲ್ಲಿ ಬರೀರಿ, ಆಮೇಲೆ ಮಾತಾಡೋಣ.